ಎರಡು ಮಾರು ನೀರು: ಮಾರ್ಕ್ ಟ್ವೇನ್ ಬಗ್ಗೆ ಓದುಗರು ಕೇಳಿದ್ದು

ಈ ಸಂಚಿಕೆಯ ಪ್ರಶ್ನೋತ್ತರ ಪೂರ್ತಿ ಒಬ್ಬನೇ ಲೇಖಕನಿಗೆ ಮೀಸಲು. ‘ಟಾಮ್ ಸಾಯರ್’, ‘ಹಕಲ್‌ಬೆರಿ ಫಿನ್’ ಬರೆದ ಅಮೆರಿಕದ ಮಾರ್ಕ್ ಟ್ವೇನ್ (1835–1910) ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅವನ ಹಾಸ್ಯವನ್ನು ಬಿಟ್ಟು ಅವನು ಮಾಡಿದ ಕೆಲಸಗಳ ಬಗ್ಗೆ ಕೇಳಿವೆ. ಅದು ನಮಗೆ ಬಹಳ ಸಂತೋಷ ತಂದಿತು. ಅಚ್ಚುಮೊಳೆ ಜೋಡಿಸುವವ, ನದಿಯಲ್ಲಿ ಸ್ಟೀಮ್‌ಬೋಟು ನಡೆಸುವ ಪೈಲಟ್, ವರದಿಗಾರ, ಪ್ರಕಾಶಕ: ಈ ಕಸುಬುಗಳನ್ನು ಬದಿಗಿಟ್ಟು ಓದಿದರೆ ಅವನ ಕಾದಂಬರಿಗಳು ಅರ್ಧವಷ್ಟೇ ಕೈಗೆ ಸಿಗುತ್ತವೆ.

ಪ್ರಶ್ನೆ: ಮಾರ್ಕ್ ಟ್ವೇನ್ ಅನ್ನುವುದು ನೀರಿನ ಆಳದ ಅಳತೆ ಎಂದು ಎಲ್ಲೋ ಓದಿದೆ. ನಾವು ಬೋಟಿನವರು. ನಿಜವಾಗಿ ಎಷ್ಟು ಆಳ, ಯಾರು ಅಳೆಯುತ್ತಿದ್ದರು? (ಕಾರವಾರದ ಓದುಗರು)

ಉತ್ತರ: ನಿಮಗೆ ಇದನ್ನು ವಿವರಿಸುವುದು ಸುಲಭ. ಅವರ ‘ಫ್ಯಾದಮ್’ ನಮ್ಮ ಮಾರು. ಎರಡೂ ಕೈ ಚಾಚಿದಷ್ಟು ಉದ್ದ, ಆರು ಅಡಿ. ‘ಟ್ವೇನ್’ ಅಂದರೆ ಎರಡು ಎನ್ನುವುದಕ್ಕೆ ಹಳೆಯ ಇಂಗ್ಲಿಷ್ ಮಾತು. ಹಾಗಾಗಿ ‘ಮಾರ್ಕ್ ಟ್ವೇನ್’ ಎಂದರೆ ‘ಗುರುತು ಎರಡು ಮಾರು’, ಅಂದರೆ 12 ಅಡಿ ನೀರು.

ಮಿಸಿಸಿಪಿ ನದಿಯ ಸ್ಟೀಮ್‌ಬೋಟಿನಲ್ಲಿ ಆಳ ನೋಡಲೆಂದೇ ಒಬ್ಬ ಆಳು ಇರುತ್ತಿದ್ದ. ತುದಿಗೆ ಸೀಸದ ತೂಕ ಕಟ್ಟಿದ ಹಗ್ಗವನ್ನು ನೀರಿಗೆ ಬಿಟ್ಟು, ಹಗ್ಗದ ಮೇಲಿನ ಗುರುತು ನೋಡಿ ಕೂಗಿ ಹೇಳುವುದು ಅವನ ಕೆಲಸ. ಎರಡು ಮಾರಿಗೆ ಕಾಲು ಕಡಿಮೆ ಇದ್ದರೆ ಅದನ್ನೂ ಹಾಗೇ ಕೂಗುತ್ತಿದ್ದ. ಅದು ಹತ್ತೂವರೆ ಅಡಿ. ಒಂದು ಸೂಕ್ಷ್ಮ ಗಮನಿಸಿ. ಕಡಿಮೆ ನೀರಿನಿಂದ ಆಳದ ಕಡೆಗೆ ಹೋಗುವಾಗ ‘ಎರಡು ಮಾರು’ ಎಂಬ ಕೂಗು ಬಂದರೆ ಪೈಲಟ್‌ಗೆ ನೆಮ್ಮದಿ, ಬೋಟು ಬಚಾವಾಯಿತು. ಆಳದಿಂದ ಮರಳದಿಬ್ಬದ ಕಡೆಗೆ ಬರುವಾಗ ಅದೇ ಕೂಗು ಕೇಳಿದರೆ ಎಚ್ಚರಿಕೆ. ಒಂದೇ ಮಾತು, ಬರುವ ದಿಕ್ಕಿನ ಮೇಲೆ ಅರ್ಥ ಬೇರೆ.

ಅವನ ಮೂಲ ಹೆಸರು ಸ್ಯಾಮ್ಯುಯೆಲ್ ಲ್ಯಾಂಗ್‌ಹಾರ್ನ್ ಕ್ಲೆಮೆನ್ಸ್. ನೆವಾಡಾದ ವರ್ಜೀನಿಯಾ ಸಿಟಿಯ ಪತ್ರಿಕೆಯಲ್ಲಿ ಕೆಲಸ ಮಾಡುವಾಗ, 1863ರ ಫೆಬ್ರವರಿ 3ರಂದು ಈ ಹೆಸರು ಮೊದಲ ಸಲ ಅಚ್ಚಾಯಿತು. ಐಸಾಯಾ ಸೆಲ್ಲರ್ಸ್ ಎಂಬ ಹಿರಿಯ ಪೈಲಟ್ ಪತ್ರಿಕೆಗೆ ನದಿಯ ಸುದ್ದಿ ಬರೆಯುವಾಗ ಬಳಸುತ್ತಿದ್ದ ಹೆಸರನ್ನೇ ತಾನು ಎತ್ತಿಕೊಂಡೆ ಎಂದು ಟ್ವೇನ್ ಹೇಳಿಕೊಂಡ. ಸೆಲ್ಲರ್ಸ್ ಆ ಹೆಸರಲ್ಲಿ ಬರೆದ ಒಂದು ಸಾಲೂ ವಿದ್ವಾಂಸರಿಗೆ ಸಿಕ್ಕಿಲ್ಲ. ಟ್ವೇನ್ ತನ್ನ ಬಗ್ಗೆ ಹೇಳಿದ್ದನ್ನೆಲ್ಲ ದಾಖಲೆಯ ಪಕ್ಕ ಇಟ್ಟು ನೋಡಬೇಕು.

ಪ್ರಶ್ನೆ: ಪೈಲಟ್ ಆಗಲು ಏನು ಕಲಿಯಬೇಕಿತ್ತು? ಆ ಕೆಲಸ ಅವನ ಬರವಣಿಗೆಗೆ ನಿಜಕ್ಕೂ ಉಪಯೋಗವಾಯಿತೇ, ಅಥವಾ ಅದು ಬರೀ ಹಿನ್ನೆಲೆಯೇ? (ಅದೇ ಪತ್ರದಿಂದ)

ಉತ್ತರ: ಹಿನ್ನೆಲೆ ಎಂದರೆ ಬಹಳ ಕಡಿಮೆ ಹೇಳಿದಂತೆ. 1857ರಲ್ಲಿ, 21ನೇ ವಯಸ್ಸಿನಲ್ಲಿ, ಹೊರೇಸ್ ಬಿಕ್ಸ್‌ಬಿ ಎಂಬ ಪೈಲಟ್‌ನ ಕೈಕೆಳಗೆ ಸೇರಿದ. ಕಲಿಸಲು 500 ಡಾಲರ್. 100 ಮುಂಗಡ, ಉಳಿದದ್ದು ಮುಂದೆ ಬರುವ ಸಂಬಳದಲ್ಲಿ ಮುರಿದುಕೊಳ್ಳುವುದು. ಕಲಿಯಬೇಕಿದ್ದದ್ದು ಸೇಂಟ್ ಲೂಯಿಯಿಂದ ನ್ಯೂ ಆರ್ಲಿಯನ್ಸ್‌ವರೆಗಿನ ಸುಮಾರು 1,200 ಮೈಲಿ ನದಿ. ದೀಪಸ್ತಂಭ ಇಲ್ಲ, ನಂಬಬಹುದಾದ ನಕ್ಷೆ ಇಲ್ಲ.

ಬಿಕ್ಸ್‌ಬಿ ಮೊದಲು ಮಾಡಿಸಿದ ಕೆಲಸ: ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಪ್ರತಿ ಮೂಲೆ, ದ್ವೀಪ, ತಿರುವು, ದಿಬ್ಬ ಬರೆದುಕೊಳ್ಳುವುದು. ಪಾಳಿ ನಾಲ್ಕು ಗಂಟೆ ಕೆಲಸ, ನಾಲ್ಕು ಗಂಟೆ ವಿಶ್ರಾಂತಿ. ಹಾಗಾಗಿ ಮಲಗಿದ್ದಾಗ ಹಾದುಹೋದ ನದಿಯೆಲ್ಲ ಪುಸ್ತಕದಲ್ಲಿ ಖಾಲಿ. ಅದು ತುಂಬುವ ಹೊತ್ತಿಗೆ ಗುರು ಹೇಳಿದ್ದು: ಹೆಸರು ಗೊತ್ತಿದ್ದರೆ ಸಾಲದು, ನದಿಯ ಆಕಾರ ಮನಸ್ಸಿನಲ್ಲಿ ಇರಬೇಕು. ಕತ್ತಲಲ್ಲಿ ದಡ ಇರುವುದಕ್ಕಿಂತ ಹತ್ತಿರ ಕಾಣುತ್ತದೆ, ಮಂಜಿನಲ್ಲಿ ದಡಕ್ಕೆ ಆಕಾರವೇ ಇರುವುದಿಲ್ಲ, ಬೆಳದಿಂಗಳಲ್ಲಿ ನೆರಳು ದಡದಂತೆ ತೋರುತ್ತದೆ. ಆಮೇಲೆ ನೀರಿನ ಮೈ ಓದುವುದು. ನೀರಿನ ಮೇಲೆ ಓರೆಯಾಗಿ ಒಂದು ಗೆರೆ ಕಂಡರೆ ಅದರ ಕೆಳಗೆ ಬೋಟನ್ನೇ ಒಡೆಯುವ ಗಟ್ಟಿ ದಿಬ್ಬ ಇರಬಹುದು. ಬರೀ ಗಾಳಿ ಎಬ್ಬಿಸಿದ ಗೆರೆಯೂ ಥೇಟ್ ಹಾಗೆಯೇ ಕಾಣುತ್ತದೆ. ವ್ಯತ್ಯಾಸ ಹೇಗೆ ತಿಳಿಯಬೇಕೆಂದು ಕೇಳಿದರೆ ಬಿಕ್ಸ್‌ಬಿ ಬಳಿ ಬಾಯಿಪಾಠದ ಉತ್ತರ ಇರಲಿಲ್ಲ. ನೋಡುತ್ತಾ ನೋಡುತ್ತಾ ಬರಬೇಕು, ಅಷ್ಟೆ. ಪರವಾನಗಿ ಸಿಕ್ಕಿದ್ದು 1859ರ ಏಪ್ರಿಲ್ 9ಕ್ಕೆ. ಸಂಬಳ ತಿಂಗಳಿಗೆ 250 ಡಾಲರ್, ಆ ಕಾಲಕ್ಕೆ ದೊಡ್ಡ ಮೊತ್ತ. ಬೋಟು ಹೊರಟ ಮೇಲೆ ಕ್ಯಾಪ್ಟನ್ ಕೂಡ ಪೈಲಟ್‌ಗೆ ಆಜ್ಞೆ ಮಾಡುವಂತಿರಲಿಲ್ಲ.

ಇದರ ನಡುವೆಯೇ, 1858ರ ಜೂನ್‌ನಲ್ಲಿ, ಮೆಂಫಿಸ್ ಬಳಿ ‘ಪೆನ್ಸಿಲ್ವೇನಿಯಾ’ ಬೋಟಿನ ಬಾಯ್ಲರ್ ಸಿಡಿದು ತಮ್ಮ ಹೆನ್ರಿ ತೀರಿಕೊಂಡ. ಆ ಬೋಟಿನ ಕೆಲಸಕ್ಕೆ ತಮ್ಮನನ್ನು ಸೇರಿಸಿದ್ದು ಇವನೇ. ಆ ನೋವು ಕೊನೆಯವರೆಗೂ ಅವನನ್ನು ಬಿಡಲಿಲ್ಲ. 1861ರಲ್ಲಿ ಅಂತರ್ಯುದ್ಧ ಶುರುವಾಗಿ ನದಿಯ ಸಂಚಾರ ನಿಂತಿತು, ಕಸುಬೂ ಮುಗಿಯಿತು.

ಈಗ ‘ಹಕಲ್‌ಬೆರಿ ಫಿನ್’ ತೆರೆಯಿರಿ. ಹುಡುಗ ಹಕ್ ಮತ್ತು ತಪ್ಪಿಸಿಕೊಂಡ ಗುಲಾಮ ಜಿಮ್ ಹತ್ತುವ ತೆಪ್ಪ 12 ಅಡಿ ಅಗಲ, 15–16 ಅಡಿ ಉದ್ದ, ನೀರಿನಿಂದ ಆರೇಳು ಅಂಗುಲ ಮೇಲೆ. ಜಿಮ್ ಅದರ ಮೇಲೆ ಗುಡಿಸಲು ಕಟ್ಟಿ, ದೋಣಿಗಳ ಅಲೆ ತಾಗದ ಹಾಗೆ ಅದರ ನೆಲವನ್ನು ಒಂದಡಿಗಿಂತ ಹೆಚ್ಚು ಎತ್ತರಿಸುತ್ತಾನೆ. ಒಳಗೆ ಐದಾರು ಅಂಗುಲ ಮಣ್ಣು ಹರಡಿ ಸುತ್ತ ಚೌಕಟ್ಟು ಕಟ್ಟುತ್ತಾನೆ, ಬೆಂಕಿ ಹಾಕಲು. ಒಂದು ಹುಟ್ಟು ಮುರಿದರೆ ಇರಲಿ ಎಂದು ಇನ್ನೊಂದು. ಕವಲು ಕೋಲಿಗೆ ಲಾಟೀನು. ಆ ಲಾಟೀನು ಹಚ್ಚುವುದಕ್ಕೂ ನಿಯಮ ಇದೆ: ಸ್ಟೀಮ್‌ಬೋಟು ಮೇಲಿನಿಂದ ಹರಿವಿನ ಜೊತೆ ಬರುತ್ತಿದ್ದರೆ ತಪ್ಪದೆ ಹಚ್ಚಬೇಕು, ಕೆಳಗಿನಿಂದ ಏರಿ ಬರುತ್ತಿದ್ದರೆ ಹೆಚ್ಚಿನ ಕಡೆ ಬೇಕಿಲ್ಲ. ಏಕೆಂದರೆ ಇಳಿಯುವ ಬೋಟು ನಡುನೀರಿನ ಸೆಳವನ್ನೇ ಹಿಡಿಯುತ್ತದೆ, ಏರುವ ಬೋಟು ಸೆಳವು ಕಡಿಮೆ ಇರುವ ದಡದ ನೀರನ್ನು ಹುಡುಕಿಕೊಂಡು ಹೋಗುತ್ತದೆ. ಪೈಲಟ್ ಆಗಿದ್ದವನಿಗೆ ಇದು ಮೈಗೂಡಿದ ತಿಳಿವಳಿಕೆ. ಹದಿಮೂರು ಹದಿನಾಲ್ಕರ ಹುಡುಗನ ಬಾಯಲ್ಲಿ ಎರಡೇ ಸಾಲಿನಲ್ಲಿ ಬಂದುಹೋಗುತ್ತದೆ. ಆ ತೆಪ್ಪದ ಮೇಲೆ ನಾವೂ ಕೂತಿದ್ದೇವೆ ಅನ್ನಿಸುವುದು ಇಂಥ ಸಾಲುಗಳಿಂದ.

ಪ್ರಶ್ನೆ: ಮೊಳೆ ಜೋಡಿಸುವ ಯಂತ್ರಕ್ಕೆ ದುಡ್ಡು ಹಾಕಿ ಟ್ವೇನ್ ಮುಳುಗಿದ ಎಂದು ಕೇಳಿದ್ದೇನೆ. ನಮ್ಮ ಮನೆಯಲ್ಲಿ ಎರಡು ತಲೆಮಾರು ಅಚ್ಚುಮೊಳೆಯ ಕೆಲಸ. ಆ ಯಂತ್ರದಲ್ಲಿ ತಪ್ಪಿದ್ದು ಏನು? (ಗದಗಿನ ಮುದ್ರಕರು)

ಉತ್ತರ: ನಿಮ್ಮ ಮನೆಯವರಿಗೆ ಹೇಳಿದ ತಕ್ಷಣ ಅರ್ಥವಾಗುವ ತಪ್ಪು ಅದು. ಟ್ವೇನ್ ಕೂಡ ನಿಮ್ಮ ಕಸುಬಿನವನೇ. 1847ರಲ್ಲಿ ತಂದೆ ತೀರಿಕೊಂಡಾಗ ಅವನಿಗೆ 11 ವರ್ಷ. ಮುಂದೆ ಹ್ಯಾನಿಬಲ್ ಊರಿನ ಪತ್ರಿಕೆಯ ಅಚ್ಚುಕೂಟದಲ್ಲಿ ಊಟ ಬಟ್ಟೆಗಷ್ಟೇ ದುಡಿದ, ಸಂಬಳ ಇಲ್ಲ. 1853ರಲ್ಲಿ ಊರು ಬಿಟ್ಟು ಸೇಂಟ್ ಲೂಯಿ, ನ್ಯೂಯಾರ್ಕ್, ಫಿಲಡೆಲ್ಫಿಯಾಗಳಲ್ಲಿ ಮೊಳೆ ಜೋಡಿಸಿ ಬದುಕಿದ. ಆ ಕೆಲಸದ ಬೇಸರ ಬೆರಳ ತುದಿಯಲ್ಲೇ ಗೊತ್ತಿದ್ದವನಿಗೆ ಯಂತ್ರವೊಂದು ಅದನ್ನು ಮಾಡಿದರೆ ಎಷ್ಟು ದೊಡ್ಡ ಸಂಗತಿ ಎಂಬುದೂ ಗೊತ್ತಿತ್ತು. ಅವನು ಯಂತ್ರಕ್ಕೆ ಮರುಳಾದದ್ದು ಕಸುಬಿನ ತಿಳಿವಳಿಕೆಯಿಂದಲೇ.

ಯಂತ್ರ ಜೇಮ್ಸ್ ಪೇಜ್ ಎಂಬವನದು. ಕೈಯಿಂದ ಮೊಳೆ ಜೋಡಿಸುವಾಗಿನ ಮೂರು ಹಂತ ನಿಮಗೆ ಗೊತ್ತೇ ಇದೆ. ಖಾನೆಯಿಂದ ಮೊಳೆ ತೆಗೆದು ಸಾಲು ಕಟ್ಟುವುದು. ಪದಗಳ ನಡುವೆ ಸ್ಪೇಸ್ ಹಾಕಿ ಸಾಲಿನ ಎರಡೂ ಅಂಚು ಸಮ ಮಾಡುವುದು. ಅಚ್ಚಾದ ಮೇಲೆ ಮೊಳೆಗಳನ್ನು ಬಿಡಿಸಿ ಮತ್ತೆ ಅವುಗಳ ಖಾನೆಗೆ ಹಾಕುವುದು. ಪೇಜ್ ಈ ಮೂರನ್ನೂ, ಮನುಷ್ಯನ ಕೈ ಮಾಡಿದ ಹಾಗೆಯೇ, ಒಂದೇ ಯಂತ್ರದಿಂದ ಮಾಡಿಸಲು ಹೊರಟ. ಬಿಡಿಭಾಗಗಳು ಸುಮಾರು 18,000 ಆದವು. ಕೆಲಸ ಮಾಡಿದಾಗ ಅದು ಅದ್ಭುತವೇ. 1889ರ ಜನವರಿ 5ರಂದು ಮಧ್ಯಾಹ್ನ 12 ಗಂಟೆ 20 ನಿಮಿಷಕ್ಕೆ ಯಂತ್ರ ತಾನೇ ಒಂದು ಸಾಲು ಜೋಡಿಸಿ ಅಂಚು ಸಮ ಮಾಡಿದ್ದನ್ನು ಟ್ವೇನ್ ಕಣ್ಣಾರೆ ಕಂಡು, ಹೊತ್ತು ಸಮೇತ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ.

ತಪ್ಪಿದ್ದು ಎಲ್ಲಿ ಅಂದರೆ, ಬಿಡಿ ಮೊಳೆ ಮೆದು ಲೋಹದ್ದು. ಕೈಬೆರಳಿಗೆ ಸವೆದ ಮೊಳೆ, ತುಸು ಬಾಗಿದ ಮೊಳೆ ತಕ್ಷಣ ತಿಳಿಯುತ್ತದೆ, ಪಕ್ಕಕ್ಕೆ ಎಸೆಯುತ್ತೇವೆ. ಯಂತ್ರಕ್ಕೆ ಆ ಸ್ಪರ್ಶ ಇಲ್ಲ. ಒಂದು ಮೊಳೆ ಮುರಿದು ದಾರಿಯಲ್ಲಿ ಸಿಕ್ಕಿಕೊಂಡರೂ 18,000 ಭಾಗಗಳೂ ನಿಲ್ಲಬೇಕು. ಅದೇ ಕಾಲಕ್ಕೆ ಓಟ್ಮಾರ್ ಮರ್ಗೆಂಥಾಲರ್ ಬೇರೆ ದಾರಿ ಹಿಡಿದ. ಅವನ ಲೈನೋಟೈಪ್ ಬಿಡಿ ಮೊಳೆಯನ್ನು ಮುಟ್ಟುವುದೇ ಇಲ್ಲ. ಹಿತ್ತಾಳೆಯ ಅಚ್ಚುಗಳನ್ನು ಸಾಲಾಗಿ ನಿಲ್ಲಿಸಿ, ಕಾದ ಲೋಹ ಎರೆದು, ಇಡೀ ಸಾಲನ್ನೇ ಹೊಸದಾಗಿ ಒಂದು ಪಟ್ಟಿಯಾಗಿ ತೆಗೆಯುತ್ತದೆ. ಅಂಚು ಸಮ ಮಾಡಲು ಬೆಣೆಯಾಕಾರದ ಸ್ಪೇಸ್ ಪಟ್ಟಿಗಳನ್ನು ಮೇಲಕ್ಕೆ ತಳ್ಳಿದರೆ ಆಯಿತು. ಅಚ್ಚಾದ ಮೇಲೆ ಎರೆದ ಸಾಲುಗಳನ್ನು ಮತ್ತೆ ಕರಗಿಸುವುದು; ಮೊಳೆ ಬಿಡಿಸುವ ಹಂತವೇ ಇಲ್ಲ. 1886ರ ಜುಲೈನಲ್ಲೇ ‘ನ್ಯೂಯಾರ್ಕ್ ಟ್ರಿಬ್ಯೂನ್’ ಅದನ್ನು ಬಳಸಲು ಶುರುಮಾಡಿತ್ತು. ಕೈ ಮಾಡುವುದನ್ನೇ ಪೇಜ್ ಯಂತ್ರಕ್ಕೆ ಕಲಿಸಿದ, ಆ ಕೆಲಸವೇ ಬೇಡವಾಗುವ ಹಾಗೆ ಮರ್ಗೆಂಥಾಲರ್ ಮಾಡಿದ.

ಇನ್ನೊಂದು ತಪ್ಪು ಪೇಜ್‌ನ ಸ್ವಭಾವದ್ದು. ಓಡುತ್ತಿದ್ದ ಯಂತ್ರವನ್ನು ಮಾರುಕಟ್ಟೆಗೆ ಬಿಡದೆ, ಇನ್ನೊಂದು ಸುಧಾರಣೆಗೆಂದು ಮತ್ತೆ ಬಿಚ್ಚಿ ಹಾಕುತ್ತಿದ್ದ. ಟ್ವೇನ್ 1880ರ ಹೊತ್ತಿಗೆ ಕೆಲವು ಸಾವಿರ ಡಾಲರ್‌ನಿಂದ ಶುರುಮಾಡಿ, ಮುಂದೆ ತಿಂಗಳಿಗೆ 3,000 ಡಾಲರ್‌ವರೆಗೂ ಸುರಿದ. ಒಟ್ಟು ಕಳೆದದ್ದು ಒಂದೂವರೆ ಲಕ್ಷದಿಂದ ಮೂರು ಲಕ್ಷ ಡಾಲರ್ ಎಂದು ಬೇರೆ ಬೇರೆ ಲೆಕ್ಕಗಳಿವೆ. 1894ರಲ್ಲಿ ಶಿಕಾಗೋದ ಪತ್ರಿಕೆಯೊಂದರಲ್ಲಿ ಪರೀಕ್ಷೆಗೆ ಇಟ್ಟಾಗ ಮೊಳೆ ಮುರಿಯುತ್ತಾ, ಯಂತ್ರ ನಿಲ್ಲುತ್ತಾ ಹೋಯಿತು. ಅಲ್ಲಿಗೆ ಮುಗಿಯಿತು. ಉಳಿದಿರುವ ಒಂದೇ ಯಂತ್ರ ಈಗ ಹಾರ್ಟ್‌ಫರ್ಡ್‌ನ ಅವನ ಮನೆಯ ವಸ್ತುಸಂಗ್ರಹಾಲಯದಲ್ಲಿದೆ.

ಪ್ರಶ್ನೆ: ಅಂಥ ಜನಪ್ರಿಯ ಲೇಖಕನ ಆದಾಯ ಎಲ್ಲಿಂದ? ಪುಸ್ತಕ ಹೇಗೆ ಮಾರಾಟವಾಗುತ್ತಿತ್ತು? (ಬೆಂಗಳೂರಿನ ಪ್ರಕಾಶನ ಸಂಸ್ಥೆಯ ಉದ್ಯೋಗಿ)

ಉತ್ತರ: ಅಂಗಡಿಯಲ್ಲಿ ಅಲ್ಲ, ಮನೆ ಬಾಗಿಲಲ್ಲಿ. ಹಾರ್ಟ್‌ಫರ್ಡ್‌ನ ಅಮೆರಿಕನ್ ಪಬ್ಲಿಷಿಂಗ್ ಕಂಪನಿ ಏಜೆಂಟರನ್ನು ಹಳ್ಳಿಹಳ್ಳಿಗೆ ಕಳಿಸುತ್ತಿತ್ತು. ಏಜೆಂಟರ ಕೈಯಲ್ಲಿ ಒಂದು ಮಾದರಿ ಪುಸ್ತಕ: ಕೆಲವು ಪುಟ, ಕೆಲವು ಚಿತ್ರ, ಬೇರೆ ಬೇರೆ ರಟ್ಟಿನ ತುಣುಕು, ಕೊನೆಯಲ್ಲಿ ಕೊಳ್ಳುವವರ ಹೆಸರು ಬರೆಯಲು ಗೆರೆ ಹಾಕಿದ ಹಾಳೆ. ಬೇಡಿಕೆ ಸೇರಿದ ಮೇಲೆ ಪುಸ್ತಕ ಅಚ್ಚಾಗಿ ಬರುತ್ತಿತ್ತು. ಕೊಡುವ ದುಡ್ಡಿಗೆ ತೂಕ ಕಾಣಬೇಕೆಂಬ ಗಿರಾಕಿಗಾಗಿ ಪುಸ್ತಕ ದಪ್ಪಗಿರಬೇಕಿತ್ತು, ಚಿತ್ರ ತುಂಬಿರಬೇಕಿತ್ತು. ಟ್ವೇನ್‌ನ ಪ್ರವಾಸ ಪುಸ್ತಕಗಳು ಕೆಲವೆಡೆ ಎಳೆದ ಹಾಗಿರುವುದಕ್ಕೆ ಇದೇ ಕಾರಣ.

1869ರ ‘ಇನ್ನೊಸೆಂಟ್ಸ್ ಅಬ್ರಾಡ್’ಗೆ ಒಟ್ಟು 10,000 ಡಾಲರ್ ತೆಗೆದುಕೊಳ್ಳುವೆಯೋ, 5% ರಾಯಲ್ಟಿಯೋ ಎಂದು ಕೇಳಿದಾಗ ರಾಯಲ್ಟಿ ಆರಿಸಿಕೊಂಡ. ಮೊದಲ ವರ್ಷದಲ್ಲೇ ಸುಮಾರು 70,000 ಪ್ರತಿ ಹೋದವು. ಅದೇ ‘ಟಾಮ್ ಸಾಯರ್’ ನೋಡಿ. ಇಂಗ್ಲೆಂಡಿನಲ್ಲಿ 1876ರ ಜೂನ್‌ನಲ್ಲಿ ಬಂತು, ಅಮೆರಿಕದಲ್ಲಿ ಡಿಸೆಂಬರ್‌ಗೆ. ನಡುವಿನ ಆರು ತಿಂಗಳಲ್ಲಿ ಕೆನಡಾದ ಮುದ್ರಕರು ಅಗ್ಗದ ಕಳ್ಳ ಮುದ್ರಣ ತಂದು ಗಡಿಯಾಚೆ ಹರಿಯಬಿಟ್ಟರು. ಅಮೆರಿಕದ ಮೊದಲ ವರ್ಷದ ಮಾರಾಟ 24,000ದ ಆಸುಪಾಸಿನಲ್ಲಿ ನಿಂತಿತು. ಪಾಠ ಕಲಿತ ಟ್ವೇನ್ 1881ರಲ್ಲಿ ಹೊಸ ಪುಸ್ತಕವೊಂದಕ್ಕಾಗಿ ಕೆನಡಾದ ಮಾಂಟ್ರಿಯಲ್‌ಗೆ ಹೋಗಿ ಕೂತ. ಪ್ರಕಟಣೆಯ ಹೊತ್ತಿಗೆ ಬ್ರಿಟಿಷ್ ನೆಲದಲ್ಲಿ ಇದ್ದರೆ ಅಲ್ಲಿನ ಕೃತಿಸ್ವಾಮ್ಯ ಸಿಗುವ ಸಂಭವ ಇತ್ತು. ‘ಹಕಲ್‌ಬೆರಿ ಫಿನ್’ ಲಂಡನ್ ಮತ್ತು ಕೆನಡಾದಲ್ಲಿ 1884ರ ಡಿಸೆಂಬರ್‌ಗೆ ಮೊದಲು ಬಂದದ್ದೂ ಇದೇ ಲೆಕ್ಕದಿಂದ.

ಆ ಪುಸ್ತಕದ ಅಮೆರಿಕದ ಮುದ್ರಣ ತಡವಾಗಲು ಮಾತ್ರ ಬೇರೆ ಕಾರಣ. ಯಾರೋ ಒಬ್ಬ ಕೆಲಸಗಾರ ಚಿತ್ರವೊಂದರ ಅಚ್ಚಿನ ಫಲಕವನ್ನು ಗೀರಿ ಅಶ್ಲೀಲ ಮಾಡಿಬಿಟ್ಟಿದ್ದ. ಕೆಲವು ಮಾದರಿ ಪುಸ್ತಕಗಳು ಏಜೆಂಟರ ಕೈ ಸೇರಿದ ಮೇಲೆ ಗೊತ್ತಾಯಿತು. ಅಚ್ಚಾಗಿದ್ದ ಪ್ರತಿಗಳಿಂದ ಆ ಹಾಳೆ ಕತ್ತರಿಸಿ, ಹೊಸದನ್ನು ಅಂಟಿಸಬೇಕಾಯಿತು. ಹಿಡಿದುಕೊಟ್ಟವರಿಗೆ 500 ಡಾಲರ್ ಬಹುಮಾನ ಸಾರಿದರೂ ಮಾಡಿದವ ಸಿಗಲಿಲ್ಲ. ಕ್ರಿಸ್ಮಸ್ ಮಾರಾಟ ಕೈತಪ್ಪಿ, ಪುಸ್ತಕ 1885ರ ಫೆಬ್ರವರಿ 18ಕ್ಕೆ ಹೊರಬಂತು.

ಪ್ರಶ್ನೆ: ‘ಹಕಲ್‌ಬೆರಿ ಫಿನ್’ ಕೊನೆಯ ಭಾಗ ಸಪ್ಪೆ ಎನ್ನಿಸಿತು. ನಾನು ಓದಿದ್ದು ತಪ್ಪೇ? ಕನ್ನಡಕ್ಕೆ ಒಂದೆರಡು ಅಧ್ಯಾಯ ತರಬೇಕೆಂಬ ಆಸೆಯೂ ಇದೆ, ಆಡುಮಾತು ಹೇಗೆ ನಿಭಾಯಿಸಲಿ? (ಧಾರವಾಡದ ಎಂ.ಎ. ವಿದ್ಯಾರ್ಥಿನಿ)

ಉತ್ತರ: ತಪ್ಪಲ್ಲ. ಜಿಮ್‌ನನ್ನು ಮಾರಿಬಿಟ್ಟ ಮೇಲಿನ ಪುಟಗಳನ್ನು ಓದಬೇಡಿ ಎಂದು ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ 1935ರಲ್ಲೇ ಬರೆದಿದ್ದ. ಅಮೆರಿಕದ ಆಧುನಿಕ ಸಾಹಿತ್ಯವೆಲ್ಲ ಈ ಒಂದು ಪುಸ್ತಕದಿಂದ ಬಂತು ಎಂದು ಹೇಳಿದ್ದೂ ಅಲ್ಲೇ. ಅವನ ಸಲಹೆಯ ಮೊದಲ ಭಾಗವನ್ನು ನಾವು ಒಪ್ಪುವುದಿಲ್ಲ. ಓದಿ, ಆದರೆ ಎಲ್ಲಿ ಕುಸಿಯುತ್ತದೆ, ಏಕೆ ಎಂಬುದನ್ನು ನೋಡಿ.

ಕಾದಂಬರಿ 1876ರ ಬೇಸಿಗೆಯಲ್ಲಿ ಶುರುವಾಗಿ 1883ರಲ್ಲಿ ಮುಗಿಯಿತು. ನಡುವೆ ವರ್ಷಗಟ್ಟಲೆ ಹಸ್ತಪ್ರತಿ ಮೂಲೆಯಲ್ಲಿತ್ತು. ಸಿಕ್ಕು ಇದ್ದದ್ದು ನದಿಯಲ್ಲೇ. ಗುಲಾಮಗಿರಿಯಿಂದ ತಪ್ಪಿಸಿಕೊಂಡ ಜಿಮ್ ಕೈರೋ ಎಂಬಲ್ಲಿ ಇಳಿದು ಒಹಾಯೋ ನದಿ ಹಿಡಿದು ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳಿಗೆ ಹೋಗಬೇಕು. ಟ್ವೇನ್‌ಗೆ ಚೆನ್ನಾಗಿ ಗೊತ್ತಿದ್ದ ನದಿ ಮಾತ್ರ ದಕ್ಷಿಣಕ್ಕೆ ಹರಿಯುತ್ತದೆ. ಮಂಜಿನಲ್ಲಿ ಕೈರೋ ದಾಟಿಹೋಗುವಂತೆ ಮಾಡಿದ. ಆಮೇಲೆ ತಪ್ಪಿಸಿಕೊಂಡ ಗುಲಾಮನೊಬ್ಬ ಗುಲಾಮಗಿರಿಯ ಆಳಕ್ಕೇ ಯಾಕೆ ತೇಲುತ್ತಾನೆ? ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ಬರವಣಿಗೆ ನಿಂತಿತು. ‘ರಾಜ’, ‘ಡ್ಯೂಕ್’ ಎಂಬ ಇಬ್ಬರು ವಂಚಕರು ತೆಪ್ಪ ಹತ್ತಿ ಅದನ್ನು ವಶಮಾಡಿಕೊಂಡಾಗ ದಾರಿ ತೆರೆಯಿತು. ಮೂಲ ಹಸ್ತಪ್ರತಿಯ ಮೊದಲರ್ಧ ಕಳೆದೇಹೋಯಿತು ಎಂದುಕೊಂಡಿದ್ದರು. 1990ರಲ್ಲಿ ಕ್ಯಾಲಿಫೋರ್ನಿಯಾದ ಮನೆಯೊಂದರ ಅಟ್ಟದಲ್ಲಿ ಸಿಕ್ಕಿತು.

ಕಾದಂಬರಿಯ ಶಿಖರ 31ನೇ ಅಧ್ಯಾಯ. ಜಿಮ್ ಎಲ್ಲಿದ್ದಾನೆಂದು ಅವನ ಒಡತಿಗೆ ಹಕ್ ಕಾಗದ ಬರೆಯುತ್ತಾನೆ. ಪಾಪ ತೊಳೆದುಹೋದಂತೆ ಹಗುರಾಗುತ್ತದೆ. ಆಮೇಲೆ ತೆಪ್ಪದ ಮೇಲಿನ ರಾತ್ರಿಗಳು ನೆನಪಾಗುತ್ತವೆ: ತನ್ನ ಪಾಳಿ ಮುಗಿದರೂ ಎಬ್ಬಿಸದೆ ಜಿಮ್ ಇವನ ಪಾಳಿಯನ್ನೂ ಕಾದದ್ದು. ಕಾಗದವನ್ನು ಕೈಯಲ್ಲಿ ಹಿಡಿದು ನಡುಗುತ್ತಾನೆ, ಹಾಗಾದರೆ ನರಕಕ್ಕೇ ಹೋಗುತ್ತೇನೆ ಅಂದುಕೊಂಡು ಹರಿದುಹಾಕುತ್ತಾನೆ. ಇದಾದ ಮೇಲೆ ಟಾಮ್ ಸಾಯರ್ ಬಂದು, ಜಿಮ್‌ಗೆ ಬಿಡುಗಡೆ ಆಗಿರುವುದು ಗೊತ್ತಿದ್ದೂ ಅದನ್ನು ಹೇಳದೆ, ಸೆರೆಯಲ್ಲಿದ್ದ ಅವನನ್ನು ಬಿಡಿಸುವ ಆಟ ಆಡುತ್ತಾನೆ. ಅಷ್ಟು ಹೊತ್ತು ನಾವು ಮನುಷ್ಯನಾಗಿ ಕಂಡ ಜಿಮ್ ಆಟದ ಸಾಮಾನಾಗುತ್ತಾನೆ. ನಿಮಗೆ ಸಪ್ಪೆ ಅನ್ನಿಸಿದ್ದು ಅದು.

ಅನುವಾದದ ಮಾತು. ಏಳು ಬಗೆಯ ಆಡುಮಾತು ಬಳಸಿದ್ದೇನೆ, ಎಲ್ಲವನ್ನೂ ಕಷ್ಟಪಟ್ಟು ಬೇರೆಬೇರೆ ಮಾಡಿದ್ದೇನೆ ಎಂದು ಟ್ವೇನ್ ಪುಸ್ತಕದ ಮೊದಲಲ್ಲೇ ಹೇಳಿದ್ದಾನೆ. ಏಳನ್ನೂ ಕನ್ನಡಕ್ಕೆ ತರಲು ಹೋಗಬೇಡಿ. ಮೊದಲು ಹಕ್‌ನ ದನಿ ಹಿಡಿಯಿರಿ. ‘ಟಾಮ್ ಸಾಯರನ ಸಾಹಸಗಳು ಎಂಬ ಗ್ರಂಥವನ್ನು ಓದಿರದ ಹೊರತು ನಿಮಗೆ ನನ್ನ ಪರಿಚಯವಿರಲಾರದು’ ಎಂದು ಶುರುಮಾಡಿದರೆ ಮೊದಲ ಸಾಲಿನಲ್ಲೇ ಹುಡುಗ ಸತ್ತ. ‘ಟಾಮ್ ಸಾಯರ್ ಪುಸ್ತಕ ಓದಿಲ್ಲ ಅಂದ್ರೆ ನಾನ್ಯಾರು ಅಂತ ನಿಮಗೆ ಗೊತ್ತಿರಲ್ಲ, ಇರ್ಲಿ ಬಿಡಿ’ ಎಂದರೆ ಉಸಿರಾಡುತ್ತಾನೆ. ಎರಡನೆಯದು, ಜಿಮ್‌ಗೆ ನಮ್ಮ ಯಾವುದೋ ಒಂದು ಸೀಮೆಯ ಅಥವಾ ಜಾತಿಯ ಮಾತನ್ನು ಅಂಟಿಸಿ ಹಕ್‌ಗೆ ಶುದ್ಧ ಭಾಷೆ ಕೊಡಬೇಡಿ. ಓದುವವರಿಗೆ ಅದು ಗೇಲಿಯಾಗಿ ಕೇಳುತ್ತದೆ. ಇಬ್ಬರೂ ಆಡುಮಾತಿನವರೇ. ವ್ಯತ್ಯಾಸವನ್ನು ಪದದಲ್ಲಿ, ವಾಕ್ಯದ ಓಟದಲ್ಲಿ ತನ್ನಿ; ಕಾಗುಣಿತ ತಿರುಚಿ ತರಬೇಡಿ. ಮೊದಲ ಪ್ರಯತ್ನಕ್ಕೆ 15ನೇ ಅಧ್ಯಾಯ ಒಳ್ಳೆಯದು: ಚಿಕ್ಕದು, ಇಬ್ಬರ ಮಾತೂ ಸಮಸಮ ಇದೆ.

ಪ್ರಶ್ನೆ: ಆ ಪುಸ್ತಕದಲ್ಲಿ ಕರಿಯರನ್ನು ಹೀನಾಯವಾಗಿ ಕರೆಯುವ ಪದ ನೂರಾರು ಸಲ ಬರುತ್ತದಂತೆ. ಪ್ರೌಢಶಾಲೆಯ ಮಕ್ಕಳಿಗೆ ಓದಿಸಬಹುದೇ? (ಹಾಸನದ ಶಿಕ್ಷಕರು)

ಉತ್ತರ: 200ಕ್ಕೂ ಹೆಚ್ಚು ಸಲ ಬರುತ್ತದೆ. ಪುಸ್ತಕಕ್ಕೆ ವಿರೋಧ ಎರಡು ಬೇರೆ ಕಾರಣಕ್ಕೆ ಬಂದಿದೆ, ಅವನ್ನು ಬೆರೆಸಬಾರದು. 1885ರಲ್ಲಿ ಮ್ಯಾಸಚೂಸೆಟ್ಸ್‌ನ ಕಾನ್‌ಕರ್ಡ್ ಗ್ರಂಥಾಲಯ ಅದನ್ನು ಹೊರಹಾಕಿದ್ದು ಒರಟು ಭಾಷೆ, ಕೆಟ್ಟ ನಡತೆ ಎಂಬ ಕಾರಣಕ್ಕೆ. ಇಪ್ಪತ್ತನೇ ಶತಮಾನದ ನಡುವಿನಿಂದ ಬಂದದ್ದು ಆ ಪದದ ಮತ್ತು ಜಿಮ್‌ನ ಚಿತ್ರಣದ ಬಗ್ಗೆ. ಅದು ತೂಕದ ಪ್ರಶ್ನೆ. 2011ರಲ್ಲಿ ಆ ಪದದ ಜಾಗದಲ್ಲಿ ‘ಗುಲಾಮ’ ಎಂದು ಹಾಕಿದ ಆವೃತ್ತಿಯೂ ಬಂತು. ನಮ್ಮ ಅಭಿಪ್ರಾಯದಲ್ಲಿ ಅದು ಸರಿಯಲ್ಲ, ಏಕೆಂದರೆ ಗುಲಾಮಗಿರಿ ಕಾನೂನಿನ ಸ್ಥಿತಿ, ಆ ಪದ ತಿರಸ್ಕಾರ. ಬಿಡುಗಡೆಯಾದವನನ್ನೂ ಅದೇ ಪದದಿಂದ ಕರೆಯುತ್ತಿದ್ದರು.

ಎಂಟನೇ ತರಗತಿಗೆ ‘ಟಾಮ್ ಸಾಯರ್’ ಸಾಕು. ‘ಹಕ್’ ಓದಿಸುವುದಾದರೆ ಹತ್ತನೇ ತರಗತಿಗೆ. ಕಥೆ ನಡೆಯುವುದು ಸುಮಾರು 1835–45ರಲ್ಲಿ, ಬರೆದದ್ದು ಗುಲಾಮಗಿರಿ ರದ್ದಾದ ಮೇಲೆ ಎಂಬುದನ್ನು ಮೊದಲೇ ತಿಳಿಸಿ. ಆ ಪದವನ್ನು ತರಗತಿಯಲ್ಲಿ ಜೋರಾಗಿ ಓದಿಸಬೇಡಿ. 23ನೇ ಅಧ್ಯಾಯದಲ್ಲಿ, ಮಗಳಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ಗೊತ್ತಿಲ್ಲದೆ ಅವಳಿಗೆ ಹೊಡೆದದ್ದನ್ನು ನೆನೆದು ಜಿಮ್ ಅಳುವ ಪುಟವನ್ನು ತಪ್ಪದೆ ಓದಿಸಿ.

ಪ್ರಶ್ನೆ: ಟ್ವೇನ್ ಭಾರತಕ್ಕೆ ಬಂದಿದ್ದನಂತೆ. ಮೈಸೂರು ಸೀಮೆಗೆ ಬಂದಿದ್ದನೇ? (ಮೈಸೂರಿನ ನಿವೃತ್ತ ಗ್ರಂಥಪಾಲಕರು)

ಉತ್ತರ: ಇಲ್ಲ. ಭಾರತಕ್ಕೆ ಬಂದದ್ದು ಸಾಲ ತೀರಿಸಲು. ಸೋದರಿಯ ಅಳಿಯನ ಹೆಸರಲ್ಲಿ 1884ರಲ್ಲಿ ತಾನೇ ಪ್ರಕಾಶನ ಸಂಸ್ಥೆ ತೆರೆದಿದ್ದ. ಮಾಜಿ ಅಧ್ಯಕ್ಷ ಗ್ರಾಂಟ್ ಗಂಟಲ ಕ್ಯಾನ್ಸರ್‌ನಲ್ಲಿ ನರಳುತ್ತಾ ಬರೆದ ಆತ್ಮಕಥೆಯನ್ನು ಲಾಭದ 70% ಅವರಿಗೇ ಕೊಡುವ ಕರಾರಿನಲ್ಲಿ ತಂದ. ಗ್ರಾಂಟ್ ಪತ್ನಿಗೆ 1886ರಲ್ಲಿ ಹೋದ ಮೊದಲ ಚೆಕ್ಕೇ 2,00,000 ಡಾಲರ್. ಟ್ವೇನ್ ಮಾಡಿದ ವ್ಯವಹಾರಗಳಲ್ಲಿ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆಮೇಲೆ ಅದೇ ಸಂಸ್ಥೆ 11 ಸಂಪುಟಗಳ ಸಾಹಿತ್ಯ ಸಂಗ್ರಹವನ್ನು ಕಂತಿನ ಮೇಲೆ ಮಾರಿತು. ಅಚ್ಚಿನ ಖರ್ಚು, ಏಜೆಂಟರ ಕಮಿಷನ್ ಮೊದಲೇ ಕೈಯಿಂದ ಹೋಗುತ್ತದೆ, ಕಂತು ತಿಂಗಳು ತಿಂಗಳು ಚೂರುಚೂರು ಬರುತ್ತದೆ. ಹೆಚ್ಚು ಮಾರಿದಷ್ಟೂ ಗಲ್ಲಾಪೆಟ್ಟಿಗೆ ಬರಿದು. ಜೊತೆಗೆ ಪೇಜ್‌ನ ಯಂತ್ರ, ಅದರ ಮೇಲೆ 1893ರ ಆರ್ಥಿಕ ಕುಸಿತ. 1894ರ ಏಪ್ರಿಲ್ 18ಕ್ಕೆ ದಿವಾಳಿ.

ಕಾನೂನಿನ ಪ್ರಕಾರ ಪೂರ್ತಿ ತೀರಿಸಬೇಕಿರಲಿಲ್ಲ. ತೀರಿಸುತ್ತೇನೆ ಎಂದು ಹಟ ಹಿಡಿದು, 59ನೇ ವಯಸ್ಸಿಗೆ, ಪತ್ನಿ ಒಲಿವಿಯಾ ಮತ್ತು ಮಗಳು ಕ್ಲಾರಾ ಜೊತೆ 1895ರ ಜುಲೈನಲ್ಲಿ ಉಪನ್ಯಾಸ ಪ್ರವಾಸ ಹೊರಟ. 1896ರ ಜನವರಿಯಲ್ಲಿ ಬೊಂಬಾಯಿಗೆ ಇಳಿದು ಪುಣೆ, ಬರೋಡಾ, ಅಲಹಾಬಾದ್, ಕಾಶಿ, ಕಲ್ಕತ್ತ, ಡಾರ್ಜಿಲಿಂಗ್, ಲಖನೌ, ಆಗ್ರಾ, ಜೈಪುರ, ದಿಲ್ಲಿ, ಲಾಹೋರ್, ರಾವಲ್ಪಿಂಡಿ ಸುತ್ತಿದ. ಡಾರ್ಜಿಲಿಂಗ್‌ನಿಂದ ಹಳಿಯ ಮೇಲಿನ ಟ್ರಾಲಿಯಲ್ಲಿ 35 ಮೈಲಿ ಜಾರಿ ಇಳಿದ ದಿನವೇ ಬದುಕಿನ ಅತಿ ಸಂತೋಷದ ದಿನ ಎಂದು ಬರೆದಿದ್ದಾನೆ. ಮಾರ್ಚ್ ಕೊನೆಗೆ ಕಲ್ಕತ್ತದಿಂದ ಹಡಗು ಹತ್ತಿ, ಮದರಾಸಿನಲ್ಲಿ ಒಂದು ದಿನ ನಿಂತು, ಸಿಲೋನ್‌ಗೆ ಹೋದ. ನಮ್ಮ ಸೀಮೆಗೆ ಅವನು ಅತಿ ಹತ್ತಿರ ಬಂದದ್ದು ಎಂದರೆ ಇಷ್ಟೇ.

ಪ್ರವಾಸ ಮುಗಿಸಿ ಇಂಗ್ಲೆಂಡಿನಲ್ಲಿದ್ದಾಗ, 1896ರ ಆಗಸ್ಟ್ 18ರಂದು, ಹಾರ್ಟ್‌ಫರ್ಡ್‌ನಲ್ಲಿ ಹಿರಿಯ ಮಗಳು ಸೂಸಿ ಮೆದುಳುಪೊರೆಯ ಉರಿಯೂತದಿಂದ ತೀರಿಕೊಂಡಳು. 24 ವರ್ಷ. ಆ ದುಃಖದಲ್ಲೇ ಪ್ರವಾಸದ ಪುಸ್ತಕ ಬರೆದು, 1898ರ ಹೊತ್ತಿಗೆ ಕೊನೆಯ ಡಾಲರ್‌ವರೆಗೂ ಸಾಲ ತೀರಿಸಿದ.

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯಲ್ಲಿ. ಮಕ್ಕಳೊಂದಿಗೆ ಎಲ್ಲಿಗೆ ಹೋಗಬಹುದು? (ಅಮೆರಿಕ ಕನ್ನಡಿಗರು)

ಉತ್ತರ: ಮೊದಲು ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್. 1874ರಿಂದ 1891ರವರೆಗೆ ಇದ್ದ 25 ಕೋಣೆಗಳ ಮನೆ. ಮೂರನೇ ಮಹಡಿಯ ಬಿಲಿಯರ್ಡ್ಸ್ ಕೋಣೆಯಲ್ಲೇ ಅವನು ಬರೆಯುತ್ತಿದ್ದದ್ದು. ‘ಅಂಕಲ್ ಟಾಮ್ಸ್ ಕ್ಯಾಬಿನ್’ ಬರೆದ ಹ್ಯಾರಿಯೆಟ್ ಬೀಚರ್ ಸ್ಟೋ ಮನೆ ಪಕ್ಕದಲ್ಲೇ ಇದೆ, ಎರಡನ್ನೂ ಒಂದೇ ದಿನ ನೋಡಬಹುದು. ಎರಡನೆಯದು ನ್ಯೂಯಾರ್ಕ್ ರಾಜ್ಯದ ಎಲ್ಮೈರಾ. ಅತ್ತಿಗೆ ಸೂಸನ್ ಕ್ರೇನ್ ಅವನಿಗಾಗಿ 1874ರಲ್ಲಿ ಗುಡ್ಡದ ಮೇಲೆ ಕಟ್ಟಿಸಿದ ಎಂಟು ಮೂಲೆಯ ಪುಟ್ಟ ಬರೆಯುವ ಕೋಣೆ ಈಗ ಎಲ್ಮೈರಾ ಕಾಲೇಜಿನ ಆವರಣದಲ್ಲಿದೆ. ‘ಹಕ್’ನ ಬಹುಪಾಲು ಬರೆದದ್ದು ಬೇಸಿಗೆಗಳಲ್ಲಿ, ಆ ಕೋಣೆಯಲ್ಲಿ. ಸಮಾಧಿಯೂ ಅದೇ ಊರಿನ ವುಡ್‌ಲಾನ್ ಸ್ಮಶಾನದಲ್ಲಿ. ಕ್ಲಾರಾ ನಿಲ್ಲಿಸಿದ ಸ್ಮಾರಕದ ಎತ್ತರ 12 ಅಡಿ, ಎರಡು ಮಾರು.

ಪ್ರಶ್ನೆ: ವಾಟ್ಸ್‌ಆಪ್‌ನಲ್ಲಿ ದಿನಕ್ಕೊಂದು ಟ್ವೇನ್ ಮಾತು ಬರುತ್ತದೆ. ನಂಬುವುದು ಹೇಗೆ? (ತುಮಕೂರು)

ಉತ್ತರ: ಯಾವ ಪುಸ್ತಕ, ಯಾವ ಪತ್ರ, ಯಾವ ವರ್ಷ ಎಂಬುದು ಇಲ್ಲದಿದ್ದರೆ ನಂಬಬೇಡಿ. ಸ್ಯಾನ್ ಫ್ರಾನ್ಸಿಸ್ಕೋದ ಬೇಸಿಗೆಯೇ ತಾನು ಕಂಡ ಅತಿ ಕೊರೆಯುವ ಚಳಿಗಾಲ ಎಂಬ ಮಾತು ಅವನದಲ್ಲ. ಸತ್ಯ ಚಪ್ಪಲಿ ಮೆಟ್ಟುವಷ್ಟರಲ್ಲಿ ಸುಳ್ಳು ಅರ್ಧ ಲೋಕ ಸುತ್ತಿರುತ್ತದೆ ಎಂಬುದೂ ಅಲ್ಲ. ‘ನನ್ನ ಸಾವಿನ ಸುದ್ದಿ ಉತ್ಪ್ರೇಕ್ಷೆ’ ಎಂಬುದು ನಿಜ: 1897ರಲ್ಲಿ ಲಂಡನ್‌ನಲ್ಲಿ ಅವನ ನೆಂಟನೊಬ್ಬ ಕಾಯಿಲೆ ಬಿದ್ದದ್ದು ಇವನೇ ಎಂದು ಸುದ್ದಿ ಹಬ್ಬಿದಾಗ ಪತ್ರಿಕೆಗೆ ಹೇಳಿದ್ದು. ಎಲ್ಲ ಚಿತ್ರಗಳಲ್ಲೂ ಕಾಣುವ ಬಿಳಿ ಸೂಟು ಕೂಡ ಕೊನೆಗಾಲದ್ದು. 1906ರ ಡಿಸೆಂಬರ್‌ನಲ್ಲಿ ಕೃತಿಸ್ವಾಮ್ಯದ ಅವಧಿ ಹೆಚ್ಚಿಸಲು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ವಾದಿಸಲು ಹೋದಾಗ ತೊಟ್ಟು ಎಲ್ಲರ ಗಮನ ಸೆಳೆದ.

ಪ್ರಶ್ನೆ: ಟ್ವೇನ್‌ನನ್ನು ಮೊದಲ ಸಲ ಓದುವವರು ಎಲ್ಲಿಂದ ಶುರುಮಾಡಬೇಕು? (ಚಿಕ್ಕಮಗಳೂರಿನ ಓದುಗರು)

ಉತ್ತರ: ‘ಲೈಫ್ ಆನ್ ದ ಮಿಸಿಸಿಪಿ’ (1883) ಪುಸ್ತಕದ 4ರಿಂದ 17ನೇ ಅಧ್ಯಾಯ. ಪೈಲಟ್ ಕಲಿಕೆಯ ಕಥೆಯ ಬಹುಪಾಲು ಅಷ್ಟರಲ್ಲೇ ಇದೆ. ಉಳಿದದ್ದನ್ನು ಆಮೇಲೆ ನೋಡಿದರೂ ನಡೆಯುತ್ತದೆ. ನಂತರ ನೇರವಾಗಿ ‘ಹಕಲ್‌ಬೆರಿ ಫಿನ್’. ‘ಟಾಮ್ ಸಾಯರ್’ ಓದಿರಲೇಬೇಕೆಂದೇನಿಲ್ಲ. ಆಡುಮಾತಿನ ಇಂಗ್ಲಿಷ್ ಮೊದಲ ಎರಡು ಮೂರು ಅಧ್ಯಾಯ ತೊಡಕಾಗುತ್ತದೆ, ಕಣ್ಣಿನಲ್ಲಿ ಓದಿದರೆ ಇನ್ನೂ ತೊಡಕು. ಬಾಯಿಬಿಟ್ಟು ಓದಿ. 19ನೇ ಅಧ್ಯಾಯದ ಮೊದಲ ಪುಟ, ನದಿಯ ಮೇಲೆ ಬೆಳಗಾಗುವ ಭಾಗ, ಮೂರು ಸಲ ಜೋರಾಗಿ ಓದಿ. ಅಷ್ಟು ಹೊತ್ತಿಗೆ ಹಕ್‌ನ ಮಾತಿನ ಓಟ ಕಿವಿಗೆ ಹಿಡಿದಿರುತ್ತದೆ, ಮುಂದಕ್ಕೆ ನಿಘಂಟು ಹುಡುಕುವ ಕೆಲಸ ಅಷ್ಟಾಗಿ ಬೀಳುವುದಿಲ್ಲ.